ಅಂಡಾಶಯಕ್ಕೂ ಬೇಕು ಟೆಸ್ಟೋಸ್ಟೆರಾನ್

ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋಗುತ್ತಿದೆಯೆಂದು ಹಳ್ಳಿಯಿಂದ ಮಗಳನ್ನು ಶಿರಸಿಗೆ ಕರೆತಂದ ತಾಯಿ, ರಕ್ತಪರೀಕ್ಷೆಯ ಚೀಟಿಯಲ್ಲಿ ‘ಟೆಸ್ಟೋಸ್ಟೆರಾನ್’ ಎಂಬ ಸಾಲು ಕಂಡು ಗಾಬರಿಯಾಗುವುದು ಸಹಜ. “ಅದು ಗಂಡಸ್ರ ಹಾರ್ಮೋನು ಅಲ್ದಾ ಡಾಕ್ಟ್ರೇ?”

ಹೆಂಗಸರದ್ದೂ ಹೌದು. ತೂಕದ ಲೆಕ್ಕ ಹಿಡಿದರೆ, ಋತುಚಕ್ರದ ಬಹುಪಾಲು ದಿನ ಹರೆಯದ ಹೆಣ್ಣಿನ ರಕ್ತದಲ್ಲಿ, ‘ಹೆಣ್ಣು ಹಾರ್ಮೋನು’ ಈಸ್ಟ್ರೊಜೆನ್‌ನ ಮುಖ್ಯ ರೂಪವಾದ ಈಸ್ಟ್ರಡಯಾಲ್‌ಗಿಂತ ಟೆಸ್ಟೋಸ್ಟೆರಾನೇ ಹೆಚ್ಚು.

ಅಂಡಾಶಯದಲ್ಲಿ ಒಂದೊಂದು ಅಂಡವೂ ಫಾಲಿಕಲ್ ಎಂಬ ಪುಟ್ಟ ಚೀಲದೊಳಗೆ ಬೆಳೆಯುತ್ತದೆ. ಚೀಲದ ಹೊರಪದರದ ಥೀಕಾ ಕೋಶಗಳು, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಎಲ್‌ಎಚ್ ಹಾರ್ಮೋನಿನ ಅಪ್ಪಣೆಯಂತೆ ಕೊಲೆಸ್ಟರಾಲ್‌ನಿಂದ ಆಂಡ್ರೊಜೆನ್ (ಟೆಸ್ಟೋಸ್ಟೆರಾನ್ ಮತ್ತು ಅದರ ಬಳಗದ ಹಾರ್ಮೋನು) ತಯಾರಿಸುತ್ತವೆ. ಒಳಗಿನ ಗ್ರಾನ್ಯುಲೋಸಾ ಕೋಶಗಳು ಅದೇ ಗ್ರಂಥಿಯ ಇನ್ನೊಂದು ಹಾರ್ಮೋನಾದ ಎಫ್‌ಎಸ್‌ಎಚ್ ಪ್ರಚೋದನೆಯಿಂದ ಅದನ್ನೇ ಈಸ್ಟ್ರೊಜೆನ್ ಮಾಡುತ್ತವೆ. ಹೀಗಾಗಿ ಆಂಡ್ರೊಜೆನ್ ಬರೀ ಕಚ್ಚಾ ಸಾಮಗ್ರಿ ಎಂದೇ ಬಹುಕಾಲ ಅಂದುಕೊಂಡಿದ್ದರು.

ಆ ಎಣಿಕೆಯನ್ನು ಅಲುಗಿಸಿದ್ದು ಮಂಗಗಳು. 1998ರಲ್ಲಿ ಅಮೆರಿಕದ ವಿಜ್ಞಾನಿಗಳು ಹೆಣ್ಣು ರೀಸಸ್ ಮಂಗಗಳಿಗೆ ಕೆಲವು ದಿನ ಟೆಸ್ಟೋಸ್ಟೆರಾನ್ ಕೊಟ್ಟು ನೋಡಿದರು. ಬೆಳೆಯತೊಡಗಿದ ಸಣ್ಣ ಫಾಲಿಕಲ್‌ಗಳ ಸಂಖ್ಯೆ ಏರಿತು, ಅವುಗಳ ಕೋಶವಿಭಜನೆಯೂ ಚುರುಕಾಯಿತು. ದೇಹ ಅದನ್ನು ಈಸ್ಟ್ರೊಜೆನ್ ಮಾಡಿಕೊಂಡಿದ್ದರಿಂದಲೇ ಹೀಗಾಯಿತೇನೋ ಎಂದು ಯಾರಾದರೂ ಕೇಳಬಹುದಲ್ಲ? ಅದಕ್ಕೆಂದೇ ಬೇರೆ ಮಂಗಗಳಿಗೆ ಡೈಹೈಡ್ರೋಟೆಸ್ಟೋಸ್ಟೆರಾನ್ ಎಂಬ ಇನ್ನೊಂದು ಆಂಡ್ರೊಜೆನ್ ಕೊಟ್ಟಿದ್ದರು. ಅದು ಈಸ್ಟ್ರೊಜೆನ್ ಆಗಲಾರದು. ಫಲಿತಾಂಶ ಮಾತ್ರ ಹಾಗೆಯೇ ಬಂತು. ಇಡೀ ಕತೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಜಾಣತನ ಇದು. ಗ್ರಾನ್ಯುಲೋಸಾ ಕೋಶಗಳಲ್ಲಿ ಎಫ್‌ಎಸ್‌ಎಚ್ ಗ್ರಾಹಕಗಳನ್ನು (ಹಾರ್ಮೋನಿನ ಸಂದೇಶ ಹಿಡಿಯುವ ಪ್ರೋಟೀನುಗಳನ್ನು) ಆಂಡ್ರೊಜೆನ್ ಹೆಚ್ಚಿಸುತ್ತದೆಂಬುದೂ ಮುಂದೆ ಗೊತ್ತಾಯಿತು.

ಇಲಿ ಬಿಟ್ಟು ಮಂಗವೇ ಏಕೆ? ಇಲಿಯ ಚಕ್ರ ನಾಲ್ಕೈದು ದಿನದ್ದು, ಒಂದೇ ಸಲಕ್ಕೆ ಹಲವು ಅಂಡ. ರೀಸಸ್‌ನದು ನಮ್ಮಂತೆಯೇ ಸುಮಾರು 28 ದಿನ, ಸಾಮಾನ್ಯವಾಗಿ ಒಂದೇ ಅಂಡ. ಅಂದಹಾಗೆ, ನಮ್ಮ ತೋಟಕ್ಕೆ ನುಗ್ಗಿ ಬಾಳೆಗೊನೆ ಹಾಳುಮಾಡುವ ಮಂಗ ರೀಸಸ್ ಅಲ್ಲ, ರೀಸಸ್ ಉತ್ತರ ಭಾರತದ ಕಡೆಯದು. ಆದರೂ ಅದು, ನಮ್ಮ ತೋಟದ ಮಂಗ, ಅಘನಾಶಿನಿ ಕಣಿವೆಯ ಸಿಂಗಳೀಕ ಮೂರೂ ಮಕಾಕಾ ಎಂಬ ಒಂದೇ ಕುಲದವು.

ಆಂಡ್ರೊಜೆನ್ ತೀರಾ ಕಮ್ಮಿಯಾದರೂ ಕಷ್ಟವೇ. ಅದರ ಗ್ರಾಹಕವನ್ನೇ ತೆಗೆದುಹಾಕಿದ ಹೆಣ್ಣಿಲಿಗಳಲ್ಲಿ ಮರಿಗಳು ಕಡಿಮೆಯಾದವು, ಫಾಲಿಕಲ್‌ಗಳು ಬೇಗ ಬರಿದಾದವು. ಹೆಚ್ಚಾದರೆ ಏನಾಗುತ್ತದೆ ಎಂಬುದು ಪಿಸಿಒಎಸ್‌ನಲ್ಲಿ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಕಾಣುತ್ತದೆ. ಹತ್ತರಲ್ಲಿ ಒಬ್ಬಳಿಗಾದರೂ ಇರಬಹುದಾದ ತೊಂದರೆ ಇದು. ಸಿಂಗಾರ ಹೇರಳವಾಗಿ ಬಿಟ್ಟೂ ಕಾಯಿ ಕಟ್ಟದ ಅಡಿಕೆ ಮರದಂತೆ, ಫಾಲಿಕಲ್‌ಗಳು ರಾಶಿ ಹೊರಟು ಅರ್ಧದಾರಿಯಲ್ಲಿ ನಿಲ್ಲುತ್ತವೆ. ಸ್ಕ್ಯಾನಿಂಗ್‌ನಲ್ಲಿ ಕಾಣುವ ‘ನೀರುಗುಳ್ಳೆ’ಗಳು ಇವೇ, ಗಡ್ಡೆಗಳಲ್ಲ. ರಕ್ತದಲ್ಲಿ ಇನ್ಸುಲಿನ್ ಏರಿದ್ದರೆ ಅದೂ ಥೀಕಾ ಕೋಶಗಳನ್ನು ಕೆರಳಿಸುತ್ತದೆ. ಟೆಸ್ಟೋಸ್ಟೆರಾನನ್ನು ಕಟ್ಟಿಹಾಕುವ ಪ್ರೋಟೀನನ್ನು ಯಕೃತ್ತು ಕಮ್ಮಿ ತಯಾರಿಸುವಂತೆಯೂ ಮಾಡುತ್ತದೆ. ತೂಕ ಹೆಚ್ಚಿದ್ದವರಿಗೆ, ಇನ್ಸುಲಿನ್ ತಗ್ಗಲೆಂದು, ಸ್ವಲ್ಪ ಇಳಿಸಿ ಎಂದು ವೈದ್ಯರು ಹೇಳುವುದು ಇದಕ್ಕೇ. ಮೈಕಟ್ಟು ನೋಡಿ ಹುಡುಗಿಯನ್ನು ಹಂಗಿಸುವ ನೆಂಟರಿಗೆ ಇಷ್ಟಾದರೂ ತಿಳಿದಿರಲಿ.

ಪೂರಾ ದೋಷ ಊಟದ್ದೂ ಅಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ಹೆಚ್ಚು ಟೆಸ್ಟೋಸ್ಟೆರಾನ್‌ಗೆ ಒಡ್ಡಿಕೊಂಡ ಹೆಣ್ಣು ರೀಸಸ್ ಮರಿಗಳು ದೊಡ್ಡವಾದ ಮೇಲೆ, ಅವುಗಳಲ್ಲೂ ಪಿಸಿಒಎಸ್‌ನ ಲಕ್ಷಣಗಳೇ ಕಂಡವು: ಅಂಡೋತ್ಪತ್ತಿ ಅಡ್ಡಾದಿಡ್ಡಿ, ಎಲ್‌ಎಚ್ ಹೆಚ್ಚು, ಇನ್ಸುಲಿನ್ ವ್ಯವಸ್ಥೆ ಏರುಪೇರು.