ಕರಿಬೇವು ಬೋಳಾಯಿತೆಂದು ನೀರು ಸುರಿಯಬೇಡಿ

ಸಂಕ್ರಾಂತಿ ಕಳೆದ ಮೇಲೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಥರ ಶುರುವಾಗುತ್ತವೆ. "ಮೇಡಂ, ಕರಿಬೇವಿನ ಎಲೆ ಎಲ್ಲಾ ಹಳದಿಯಾಗಿ ಉದುರ್ತಾ ಇದೆ. ದಿನಾ ಎರಡು ಹೊತ್ತು ನೀರು ಹಾಕ್ತಾ ಇದ್ದೀನಿ, ಆದ್ರೂ..."

ಆ ಎರಡು ಹೊತ್ತಿನ ನೀರೇ ತೊಂದರೆ.

ಬೆಂಗಳೂರಿನಲ್ಲಿ ಜನವರಿಯ ಬೆಳಗಿನ ಜಾವ 15-16 ಡಿಗ್ರಿಗೆ ಇಳಿಯುತ್ತದೆ. ಕರಿಬೇವಿಗೆ ಅಷ್ಟು ಚಳಿ ಸಾಕು, ಚಿಗುರುವುದನ್ನು ನಿಲ್ಲಿಸಿ ಹಳೆ ಎಲೆ ಉದುರಿಸಲು ಶುರು ಮಾಡುತ್ತದೆ. ಎಲೆ ಕಡಿಮೆಯಾದರೆ ಬೇರು ಎಳೆಯುವ ನೀರೂ ಕಡಿಮೆ. ನಾವು ಸುರಿದದ್ದು ಕುಂಡದಲ್ಲೇ ನಿಂತು ಬೇರು ಕೊಳೆಯುತ್ತದೆ. ಗಿಡಕ್ಕೆ ಜೀವ ಇದೆಯೋ ಇಲ್ಲವೋ ಅನ್ನುವ ಅನುಮಾನ ಬಂದರೆ ಕಾಂಡವನ್ನು ಉಗುರಿನಿಂದ ಸ್ವಲ್ಪವೇ ಕೆರೆದು ನೋಡಿ. ಸಿಪ್ಪೆಯ ಕೆಳಗೆ ಹಸಿ, ಹಸಿರು ಕಂಡರೆ ಚಿಂತೆ ಬೇಡ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ಅಲ್ಲಿಯವರೆಗೂ ಒಣಗಿದ್ದರೆ ಮಾತ್ರ ನೀರು.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅಂತಾರಲ್ವಾ, ಗಿಡಗಳ ಲೆಕ್ಕವೂ ಹೆಚ್ಚುಕಡಿಮೆ ಅದೇ. ಆ ಹೊತ್ತಿಗೆ ಬೋಳು ಕೊಂಬೆಯ ಗೆಣ್ಣುಗಳಲ್ಲಿ ಸಾಸಿವೆ ಕಾಳಿನಷ್ಟು ಚಿಗುರು ಉಬ್ಬಿರುತ್ತದೆ. ಕತ್ತರಿ ಹಿಡಿಯಬೇಕಾದದ್ದು ಆಗ. ಉದ್ದಕ್ಕೆ ಬೆಳೆದ ತುದಿಗಳನ್ನು ಅಂಥ ಒಂದು ಗೆಣ್ಣಿಗಿಂತ ತುಸು ಮೇಲಕ್ಕೆ ಕತ್ತರಿಸಿದರೆ ಒಂದು ಕೊಂಬೆಯ ಜಾಗದಲ್ಲಿ ಎರಡು ಮೂರು ಬರುತ್ತವೆ. ಮೇಲ್ಮಣ್ಣು ಸಡಿಲಿಸಿ ಎರಡು ಹಿಡಿ ಎರೆಗೊಬ್ಬರ ಹಾಕುವುದೂ ಆಗಲೇ. ಚಳಿಯಲ್ಲಿ ಹಾಕಿದ ಗೊಬ್ಬರವನ್ನು ಗಿಡ ಅಷ್ಟಾಗಿ ಬಳಸಿಕೊಳ್ಳುವುದಿಲ್ಲ.

ಎಳೆ ಚಿಗುರು ಬಂತು ಅಂದರೆ ನಿಂಬೆ ಚಿಟ್ಟೆಯೂ ಬಂತು. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಂದು-ಬಿಳಿ ಗುರುತು ಕಂಡರೆ ಒಂದು ಕಡ್ಡಿಯಿಂದ ಮುಟ್ಟಿ. ತಲೆಯ ಹಿಂದಿನಿಂದ ಪುಟ್ಟ ಕವಲು ಕೊಂಬು ಹೊರಬಂದು ಘಾಟು ವಾಸನೆ ಹೊಡೆದರೆ ಅದು ಎಲೆ ತಿನ್ನುವ ಅದರ ಮರಿಹುಳ. ಒಗ್ಗರಣೆಗೆ ಹಾಕುವ ಸೊಪ್ಪಿಗೆ ವಿಷ ಸಿಂಪಡಿಸಬೇಡಿ, ದಯವಿಟ್ಟು. ಕೈಯಿಂದ ಆಯ್ದರೆ ಸಾಕು. ಗಿಡ ದೊಡ್ಡದಿದ್ದರೆ ಒಂದು ಕೊಂಬೆ ಅದಕ್ಕೂ ಇರಲಿ.

ತುಳಸಿಯ ಕಥೆ ಬೇರೆ. ಕಾರ್ತಿಕದ ಪೂಜೆ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಗಿಡದ ತುಂಬ ಕದಿರು ಬಿಟ್ಟು ಬೀಜ ಕಟ್ಟುತ್ತದೆ. ಬೀಜ ಕಟ್ಟಿದ ಗಿಡ ಎಲೆ ಕಡಿಮೆ ಮಾಡಿ ಕಡ್ಡಿಯಾಗುತ್ತದೆ. ಒಣಗಿದ ಕದಿರನ್ನು ತೆಗೆದು ಬೀಜ ಎತ್ತಿಡಿ, ಅದೇ ಮುಂದಿನ ಗಿಡ. ಚಳಿ ಬಿಟ್ಟ ಮೇಲೆ ಕೊಂಬೆಗಳ ಮೂರನೇ ಒಂದು ಭಾಗ ಕತ್ತರಿಸಿ. ಆದರೆ ಕೆಳಗೆ ಹಸಿರೆಲೆ ಉಳಿದಿರಲೇಬೇಕು. ಗಿಡ ನೋಡಿಕೊಳ್ಳುವ ಈ ಕೆಲಸಕ್ಕೆ ಬಂದ ಹೊಸದರಲ್ಲಿ ಅಮ್ಮನ ಬೃಂದಾವನದ ತುಳಸಿಯನ್ನು ನಾನು ಬರೀ ಕಟ್ಟಿಗೆ ಉಳಿಯುವ ಹಾಗೆ ಕತ್ತರಿಸಿಬಿಟ್ಟೆ. ಅದು ಮತ್ತೆ ಚಿಗುರಲೇ ಇಲ್ಲ. ಅಮ್ಮ ಏನೂ ಅನ್ನಲಿಲ್ಲ, ಸುಮ್ನೆ ಹೊಸ ಸಸಿ ನೆಟ್ಟರು. ನನಗೆ ಅದು ಇವತ್ತಿಗೂ ನೆನಪಿದೆ.

ದೊಡ್ಡಪತ್ರೆಗೆ ಇಷ್ಟೆಲ್ಲ ಬೇಡ. ತುದಿಗಳನ್ನು ಬೆರಳುದ್ದ ಮುರಿದು ಬೇರೆ ಕುಂಡಕ್ಕೆ ಚುಚ್ಚಿ, ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಒಂದೆಲಗವನ್ನು ಮಾರ್ಚ್ ಬಿಸಿಲಿಗೆ ಮೊದಲೇ ನೆರಳಿಗೆ ಸರಿಸಿ. ಕೊತ್ತಂಬರಿ ಬಿತ್ತುವುದಿದ್ದರೆ ಈಗಲೇ ಬಿತ್ತಿ. ಸೆಕೆ ಜಾಸ್ತಿಯಾದರೆ ಸೊಪ್ಪು ಕೈಗೆ ಬರುವ ಮೊದಲೇ ಹೂ ಬಿಟ್ಟುಬಿಡುತ್ತದೆ.

ಇನ್ನು ಅರಿಶಿನ. ಮೇ-ಜೂನ್‌ನಲ್ಲಿ ನೆಟ್ಟಿದ್ದರ ಎಲೆ ಈಗ ಪೂರ್ತಿ ಒಣಗಿ ಬಾಗಿರುತ್ತದೆ. ಗೆಡ್ಡೆ ಬಲಿತಿದೆ ಅನ್ನುವುದಕ್ಕೆ ಅದೇ ಗುರುತು. ಹೋದ ವರ್ಷ ಒಂದು ಮನೆಯ ತಾರಸಿಗೆ ಹೋದಾಗ ಅಜ್ಜಿಯೊಬ್ಬರು ಇಂಥ ಕುಂಡವನ್ನು ಕಸಕ್ಕೆ ಹಾಕಲು ಬಾಗಿಲ ಬಳಿ ಇಟ್ಟಿದ್ದರು. "ಸತ್ತೋಯ್ತಮ್ಮ" ಅಂದರು. ಹಳೆ ಪೇಪರ್ ಹಾಸಿ ಕುಂಡ ಕವುಚಿದೆ. ಮಣ್ಣು ಕೊಡವಿದರೆ ಎರಡು ಬೊಗಸೆ ಗೆಡ್ಡೆ! ಒಂದನ್ನು ಮುರಿದು ಅಜ್ಜಿಯ ಅಂಗೈಗೆ ಇಟ್ಟೆ, ಹಳದಿ ಅಂಟಿಕೊಂಡಿತು. ಚೆನ್ನಾಗಿರುವ ಐದಾರನ್ನು ಆರಿಸಿ, ಮರಳಿನಲ್ಲಿ ಹುದುಗಿಸಿ, ಬೀಜಕ್ಕೆಂದು ಅಡುಗೆಮನೆಯ ಮೂಲೆಯಲ್ಲಿ ಇಟ್ಟುಬಂದೆ. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಅವರೇ ಫೋನ್ ಮಾಡಿದರು, "ಎಷ್ಟು ಆಳಕ್ಕೆ ಹೂಳಲಿ?"