ಚರ್ಚಾಸ್ಪರ್ಧೆಗೆ ಮೊದಲ ಸಲ ಹೆಸರು ಕೊಟ್ಟವರಿಗೆ ಒಂದಿಷ್ಟು ಟಿಪ್ಪಣಿ

ಭಾಷಣ ಸ್ಪರ್ಧೆ, ಚರ್ಚಾಸ್ಪರ್ಧೆ ಎರಡೂ ಸಾಮಾನ್ಯವಾಗಿ ಒಂದೇ ದಿನ, ಒಂದೇ ಮೈಕಿನ ಮುಂದೆ ನಡೆಯುತ್ತವೆ. ಅದಕ್ಕೇ ಎರಡಕ್ಕೂ ಒಂದೇ ಥರ ತಯಾರಾದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಭಾಷಣದಲ್ಲಿ ನೀವು ಹೇಳಿದ್ದಕ್ಕೆ ಯಾರೂ ಎದುರು ಹೇಳುವುದಿಲ್ಲ. ಚರ್ಚೆಯಲ್ಲಿ ನಿಮ್ಮ ನಂತರ ಬರುವವರ ಕೆಲಸವೇ ಅದು. ಹಾಗಾಗಿ ಈ ಟಿಪ್ಪಣಿಯಲ್ಲಿ ಎದುರಾಳಿಗೆ ಉತ್ತರ ಕೊಡುವ ಬಗ್ಗೆಯೇ ಜಾಸ್ತಿ ಇದೆ. ಧ್ವನಿ, ಕೈಸನ್ನೆ, ನಿಲ್ಲುವ ರೀತಿಯನ್ನೆಲ್ಲ ಮೇಷ್ಟ್ರು ಹೇಗೂ ಹೇಳಿಕೊಡುತ್ತಾರೆ.

ಎಲ್ಲಿ, ಯಾವ ನಿಯಮ

ಕರ್ನಾಟಕದ ಹೆಚ್ಚಿನ ಮಕ್ಕಳಿಗೆ ಮೊದಲು ಸಿಗುವುದು ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ. ಕ್ಲಸ್ಟರ್‌ನಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಕೊನೆಗೆ ರಾಜ್ಯಮಟ್ಟಕ್ಕೆ ಹೋಗುತ್ತಾರೆ. ಆಶುಭಾಷಣದಲ್ಲಿ ವಿಷಯ ಆಗಲೇ ಸಿಗುತ್ತದೆ, ಯೋಚಿಸಲು ಕೆಲವೇ ನಿಮಿಷ. ಚರ್ಚೆಯಲ್ಲಿ ಪರ ಅಥವಾ ವಿರೋಧ ನಿಂತು ಮಾತಾಡಬೇಕು, ಸಮಯ ಮುಗಿಯುವ ಮೊದಲು ಎಚ್ಚರಿಕೆ ಗಂಟೆ ಬಾರಿಸುತ್ತಾರೆ. ಎಷ್ಟು ನಿಮಿಷ, ಒಂದು ಶಾಲೆಯಿಂದ ಎಷ್ಟು ಜನ ಅನ್ನುವುದನ್ನು ಆ ವರ್ಷದ ಸುತ್ತೋಲೆ ನೋಡಿಯೇ ತಿಳಿದುಕೊಳ್ಳಿ. ಹೋದ ವರ್ಷ ಹೋಗಿದ್ದ ಅಣ್ಣನ ಮಾತು ನಂಬಿ ಕೂರಬೇಡಿ.

ಇನ್ನೊಂದು ಬಗೆ ವರ್ಲ್ಡ್ ಸ್ಕೂಲ್ಸ್ ಮಾದರಿ. ಬೆಂಗಳೂರಿನಂಥ ಊರುಗಳ ಇಂಗ್ಲಿಷ್ ಚರ್ಚಾಕೂಟಗಳಲ್ಲಿ ಇದು ಸಿಗುತ್ತದೆ. ಈ ಮಾದರಿಯ ವಿಶ್ವ ಚಾಂಪಿಯನ್‌ಶಿಪ್ 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಯಿತು. 2019ರಲ್ಲಿ ಬ್ಯಾಂಕಾಕ್‌ನಲ್ಲಿ ಭಾರತದ ತಂಡ ಅದನ್ನು ಗೆದ್ದಿತ್ತು. ಪ್ರತಿ ತಂಡದಿಂದ ಮೂವರು ಮಾತಾಡುತ್ತಾರೆ, ಒಬ್ಬೊಬ್ಬರಿಗೆ 8 ನಿಮಿಷ. ಪರ ಒಬ್ಬರು, ವಿರೋಧ ಒಬ್ಬರು ಅಂತ ಸರದಿಯಲ್ಲಿ ಆರು ಜನ ಮುಗಿದ ಮೇಲೆ ಎರಡೂ ಕಡೆಯಿಂದ 4 ನಿಮಿಷದ ಉತ್ತರ ಭಾಷಣ ಇರುತ್ತದೆ. ಇದನ್ನು ಮೊದಲನೆಯವರು ಅಥವಾ ಎರಡನೆಯವರು ಮಾಡಬೇಕು, ಮೂರನೆಯವರು ಮಾಡುವ ಹಾಗಿಲ್ಲ. ವಿರೋಧ ಪಕ್ಷದ ಉತ್ತರ ಮೊದಲು ಬರುತ್ತದೆ, ಕೊನೆಯ ಮಾತು ಪರ ಪಕ್ಷದ್ದು. ಕೆಲವು ವಿಷಯಗಳನ್ನು ಮೊದಲೇ ಕೊಟ್ಟಿರುತ್ತಾರೆ. ಇನ್ನು ಕೆಲವನ್ನು ಸ್ಥಳದಲ್ಲೇ ಹೇಳಿ ಒಂದು ಗಂಟೆ ಸಮಯ ಕೊಡುತ್ತಾರೆ.

ಅಂಕ ಹಂಚಿರುವ ರೀತಿಯನ್ನು ಗಮನಿಸಿ. 100ರಲ್ಲಿ ವಿಷಯಕ್ಕೆ 40, ಹೇಳುವ ಶೈಲಿಗೆ 40, ತಂತ್ರಕ್ಕೆ 20. ತಂತ್ರ ಅಂದರೆ ಮೋಸವಲ್ಲ. ಯಾವ ಮಾತು ಮುಖ್ಯ ಅಂತ ಗುರುತಿಸಿದಿರಾ, ಅದಕ್ಕೆ ತಕ್ಕ ಸಮಯ ಕೊಟ್ಟಿರಾ ಅನ್ನುವುದು. ಜೋರಾಗಿ ಕೂಗಿದರೆ ಗೆಲ್ಲಬಹುದು ಅನ್ನುವ ನಂಬಿಕೆ ನಮ್ಮಲ್ಲಿ ಯಾಕೆ ಇಷ್ಟು ಗಟ್ಟಿಯಾಗಿದೆಯೋ ಗೊತ್ತಿಲ್ಲ.

ಒಂದು ವಿಷಯ ಹಿಡಿದು ನೋಡೋಣ

"ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ವಿದ್ಯಾರ್ಥಿಗಳಿಗೆ ಒಳ್ಳೆಯದು ಎಂಬುದು ಈ ಸದನದ ಅಭಿಪ್ರಾಯ."

ಹಿನ್ನೆಲೆ ಇಷ್ಟು. 2023-24ನೇ ಸಾಲಿನಲ್ಲಿ ರಾಜ್ಯದಲ್ಲಿ ಪೂರಕ ಪರೀಕ್ಷೆಯನ್ನು ಕೈಬಿಟ್ಟು ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅನ್ನುವ ಪದ್ಧತಿ ತಂದರು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಜಾಸ್ತಿ ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು.

ಪರ ನಿಂತವರು ಮೊದಲು ಬರೆಯುವ ಸಾಲು ಯಾವಾಗಲೂ ಒಂದೇ: "ಇದರಿಂದ ಒತ್ತಡ ಕಡಿಮೆಯಾಗುತ್ತದೆ." ಇಷ್ಟೇ ಆದರೆ ಅದು ಬರೀ ಹೇಳಿಕೆ. ಯಾಕೆ ಕಡಿಮೆಯಾಗುತ್ತದೆ, ಯಾರಿಗೆ ಕಡಿಮೆಯಾಗುತ್ತದೆ ಅಂತ ತೋರಿಸಿದ ಮೇಲೆ ಅದು ವಾದವಾಗುತ್ತದೆ. ಸರಿ, ಉದಾಹರಣೆ ಸೇರಿಸುತ್ತೀರಿ: ಗಣಿತ ಪರೀಕ್ಷೆಯ ದಿನ ಹುಡುಗಿಗೆ ಜ್ವರ, ಫೇಲ್ ಆಗುತ್ತಾಳೆ, ಎರಡನೇ ಪರೀಕ್ಷೆ ಅವಳ ವರ್ಷ ಉಳಿಸುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ?

ಈಗ ವಿರೋಧ ಪಕ್ಷದ ಚುರುಕು ಹುಡುಗ ಎದ್ದು ನಿಂತು, "ಹಳೇ ಪದ್ಧತಿಯಲ್ಲೂ ಪೂರಕ ಪರೀಕ್ಷೆ ಇತ್ತಲ್ಲ, ಆ ಹುಡುಗಿ ಅದನ್ನು ಬರೆಯುತ್ತಿದ್ದಳು" ಅನ್ನುತ್ತಾನೆ. ಒಂದೇ ಮಾತಿಗೆ ನಿಮ್ಮ ಉದಾಹರಣೆ ನೆಲಕಚ್ಚಿತು. ಜ್ವರ ಬರುವುದು ನಿಜ, ವರ್ಷ ಉಳಿದದ್ದೂ ನಿಜ. ಆದರೆ ಅದು ಹೊಸ ಪದ್ಧತಿಯಿಂದ ಸಿಕ್ಕ ಲಾಭ ಅಲ್ಲ. ಹೊಸದನ್ನು ಹೊಗಳುವಾಗ ಹಳೆಯದರಲ್ಲಿ ಏನಿತ್ತು ಅಂತ ಮೊದಲು ಕೇಳಿಕೊಳ್ಳಬೇಕು. ಶುರುವಿನಲ್ಲಿ ಹೆಚ್ಚಿನ ತಂಡಗಳು ಸೋಲುವುದು ಇಲ್ಲೇ.

ಹಾಗಾದರೆ ಪರ ಪಕ್ಷ ಎಲ್ಲಿ ನಿಲ್ಲಬೇಕು? ಹೊಸದಾಗಿ ಬಂದದ್ದರ ಮೇಲೆ, ಅಂದರೆ ಮೂರನೇ ಅವಕಾಶದ ಮೇಲೆ. ಎರಡು ಸಲ ಬರೆದೂ ಒಂದು ವಿಷಯದಲ್ಲಿ ಫೇಲ್ ಆದವರು ಮೊದಲಾದರೆ ಮುಂದಿನ ವರ್ಷದವರೆಗೆ ಕಾಯಬೇಕಿತ್ತು. ಈಗ ಆ ಕಾಯುವಿಕೆ ತಪ್ಪುತ್ತದೆ. ವಿರೋಧ ಪಕ್ಷ ಇಲ್ಲಿಗೂ ಬರುತ್ತದೆ: 2024ರಲ್ಲಿ ಪರೀಕ್ಷೆ-3 ನಡೆದದ್ದು ಆಗಸ್ಟಿನಲ್ಲಿ, ಪಿಯು ತರಗತಿಗಳು ಶುರುವಾಗುವುದು ಜೂನಿನಲ್ಲಿ. ಪಾಸಾದ ಹುಡುಗ ಪಾಠ ಅರ್ಧ ಮುಂದೆ ಹೋದ ಕಾಲೇಜಿಗೆ ಸೇರಬೇಕಾಗುತ್ತದೆ, ಅದೂ ಸೀಟು ಉಳಿದಿದ್ದರೆ. ಮೇಲಿಂದ ಮೌಲ್ಯಮಾಪನಕ್ಕೆ ಹೋದ ಮೇಷ್ಟ್ರ ತರಗತಿ ಯಾರು ನೋಡಿಕೊಳ್ಳುತ್ತಾರೆ?

ಈಗ ನಿಜವಾದ ಜಗಳ ಸಿಕ್ಕಿತು. ಎರಡು ತಿಂಗಳು ತಡವಾಗಿ ಸೇರುವುದು ಕೆಟ್ಟದ್ದೋ, ಇಡೀ ವರ್ಷ ಹೋಗುವುದು ಕೆಟ್ಟದ್ದೋ? ಉಳಿದ ಚರ್ಚೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ನಡೆಯಬೇಕು. ಇದನ್ನು ಮೊದಲು ಗುರುತಿಸಿ ಬಾಯಿಬಿಟ್ಟು ಹೇಳಿದ ತಂಡಕ್ಕೆ ತೀರ್ಪುಗಾರರು ಒಲಿಯುತ್ತಾರೆ.

ಖಂಡನೆ ಮಾಡುವುದು

ಎದುರಾಳಿಯ ಮಾತಿಗೆ ಮೂರು ಥರ ಉತ್ತರ ಕೊಡಬಹುದು. ಒಂದು, "ಅದು ನಿಜವಲ್ಲ." ಇದಕ್ಕೆ ಕೈಯಲ್ಲಿ ಪುರಾವೆ ಬೇಕು, ಇಲ್ಲದಿದ್ದರೆ ಸುಮ್ನೆ ಹಟ ಆಗುತ್ತದೆ. ಎರಡು, "ನಿಜ, ಆದರೆ ಅದರಿಂದ ನೀವು ಹೇಳುವ ತೀರ್ಮಾನ ಬರುವುದಿಲ್ಲ." ಜ್ವರದ ಹುಡುಗಿಗೆ ಸಿಕ್ಕ ಉತ್ತರ ಇದು. ಮೂರು, "ನಿಜ, ಆದರೆ ಅದಕ್ಕಿಂತ ದೊಡ್ಡ ಸಂಗತಿ ಇಲ್ಲಿದೆ." ಹೊಸಬರು ಮೊದಲನೆಯದಕ್ಕೆ ಕೈಹಾಕುತ್ತಾರೆ. ನನ್ನ ಕೇಳಿದರೆ ಎರಡನೆಯದನ್ನು ಮೊದಲು ಕಲಿಯಿರಿ. ಅದಕ್ಕೆ ಅಂಕಿಅಂಶ ಬೇಡ, ಗಮನ ಕೊಟ್ಟು ಕೇಳಿದರೆ ಸಾಕು.

ಉತ್ತರ ಕೊಡುವ ಮೊದಲು ಅವರು ಹೇಳಿದ್ದನ್ನು ಅವರೇ ಒಪ್ಪುವ ಹಾಗೆ ಒಂದು ಸಾಲಲ್ಲಿ ಹೇಳಿ. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಪೂರ್ತಿ ಹೇಳಿ ಆಮೇಲೆ ತಮ್ಮ ಸಿದ್ಧಾಂತಕ್ಕೆ ಬರುತ್ತಿದ್ದರು. ಎದುರಾಳಿಯ ಮಾತನ್ನು ತಿರುಚಿ ಅದನ್ನು ಹೊಡೆದರೆ ಮುಂದಿನ ಭಾಷಣದಲ್ಲಿ "ನಾವು ಹಾಗೆ ಹೇಳಿಯೇ ಇಲ್ಲ" ಅಂತ ಅವರು ಎದ್ದೇ ಏಳುತ್ತಾರೆ.

ಕಾಗದ

ಇದೆಲ್ಲ ನೆನಪಿನಿಂದ ಆಗುವ ಕೆಲಸವಲ್ಲ. ಉದ್ದ ನೋಟ್‌ಬುಕ್ಕಿನ ಹಾಳೆಯನ್ನು ಅಡ್ಡ ಹಿಡಿದು, ಎಷ್ಟು ಜನ ಮಾತಾಡುತ್ತಾರೋ ಅಷ್ಟು ಕಾಲಂ ಗೆರೆ ಹಾಕಿ. ಪರ ಪಕ್ಷಕ್ಕೆ ನೀಲಿ ಪೆನ್ನು, ವಿರೋಧಕ್ಕೆ ಕೆಂಪು. ಮೊದಲ ಕಾಲಂನಲ್ಲಿ "3ನೇ ಅವಕಾಶ → ವರ್ಷ ಉಳಿಯಿತು" ಅಂತ ಬರೆದರೆ, ಅದಕ್ಕೆ ವಿರೋಧದವರು ಕೊಟ್ಟ ಉತ್ತರವನ್ನು ಅದೇ ಸಾಲಿನಲ್ಲಿ ಪಕ್ಕದ ಕಾಲಂನಲ್ಲಿ ಬರೆಯಿರಿ: "ಆಗಸ್ಟ್, ಪಿಯು ತಡ." ಪೂರ್ತಿ ವಾಕ್ಯ ಬೇಡ. ನಾಲ್ಕನೆಯವರು ಮಾತಾಡುವ ಹೊತ್ತಿಗೆ ಪಕ್ಕ ಖಾಲಿ ಉಳಿದ ಸಾಲುಗಳು ಕಣ್ಣಿಗೆ ಬೀಳುತ್ತವೆ. ಅವು ಯಾರೂ ಉತ್ತರ ಕೊಡದೆ ಬಿಟ್ಟ ವಾದಗಳು. ಅವು ನಿಮ್ಮವಾದರೆ, "ಇದಕ್ಕೆ ಇದುವರೆಗೆ ಉತ್ತರ ಬಂದಿಲ್ಲ" ಅಂತ ಎದ್ದು ಹೇಳಿ. ಅವರದಾದರೆ ಬೇಗ ಉತ್ತರ ಹುಡುಕಿ.

ಬಾಯಿಪಾಠ ಮಾಡಬಾರದಾ ಅಂತ ಕೇಳಬಹುದು. ಮೊದಲ ಅರ್ಧ ನಿಮಿಷ ಬಾಯಿಪಾಠ ಇರಲಿ, ನಡುಕ ಇಳಿಯುತ್ತದೆ. ಅದರಲ್ಲಿ "ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ" ಆದಮೇಲೆ ವಚನದ ಎರಡು ಸಾಲು ಮಾತ್ರ ಬೇಡ. ತೀರ್ಪುಗಾರರು ಬೆಳಗ್ಗೆಯಿಂದ ಅದನ್ನೇ ಕೇಳುತ್ತಾ ಕೂತಿರುತ್ತಾರೆ. ಉಳಿದದ್ದಕ್ಕೆ ಚೀಟಿಯಲ್ಲಿ ಮುಖ್ಯ ಪದಗಳು ಸಾಕು.

ನಡುವೆ ಕೇಳುವ ಪ್ರಶ್ನೆ

ವರ್ಲ್ಡ್ ಸ್ಕೂಲ್ಸ್ ಮಾದರಿಯಲ್ಲಿ ಒಬ್ಬರು ಮಾತಾಡುವಾಗ ಎದುರಿನವರು ಎದ್ದು ನಿಂತು ಪಾಯಿಂಟ್, ಅಂದರೆ ಚಿಕ್ಕ ಪ್ರಶ್ನೆ ಅಥವಾ ಆಕ್ಷೇಪ, ಕೇಳಬಹುದು. ಮೊದಲ ನಿಮಿಷ, ಕೊನೆಯ ನಿಮಿಷ ಬಿಟ್ಟು. ಉತ್ತರ ಭಾಷಣದಲ್ಲಿ ಕೇಳುವ ಹಾಗಿಲ್ಲ. ಕೇಳುವವರು ಹದಿನೈದು ಸೆಕೆಂಡಿನೊಳಗೆ ಮುಗಿಸಬೇಕು. ಎಂಟು ನಿಮಿಷದಲ್ಲಿ ಒಂದೆರಡು ತೆಗೆದುಕೊಂಡರೆ ಸಾಕು, ಉಳಿದವರಿಗೆ "ಈಗ ಬೇಡ, ಧನ್ಯವಾದ" ಅಂದರೆ ಮರ್ಯಾದೆಗೆ ಕುಂದಿಲ್ಲ. ಒಂದನ್ನೂ ತೆಗೆದುಕೊಳ್ಳದಿದ್ದರೆ ಮಾತ್ರ ಹೆದರಿದ ಹಾಗೆ ಕಾಣುತ್ತದೆ. ವಾಕ್ಯದ ಮಧ್ಯೆ ನಿಲ್ಲಬೇಡಿ. ಹೇಳುತ್ತಿರುವುದನ್ನು ಮುಗಿಸಿ, ಆಮೇಲೆ ಅವರಿಗೆ ಅವಕಾಶ ಕೊಡಿ.

ಅಭ್ಯಾಸಕ್ಕೆ ಇಬ್ಬರು ಗೆಳೆಯರಿದ್ದರೆ ಸಾಕು. ಒಬ್ಬರು ಎರಡು ನಿಮಿಷ ಮಾತಾಡಲಿ, ಇನ್ನೊಬ್ಬರು ಕಾಗದದಲ್ಲಿ ಗುರುತು ಹಾಕಿಕೊಂಡು ಒಂದು ನಿಮಿಷ ಬರೀ ಉತ್ತರ ಕೊಡಲಿ, ಸ್ವಂತ ವಾದ ಬೇಡ. ಆಮೇಲೆ ಪಕ್ಷ ಬದಲಿಸಿ ಅದೇ ವಿಷಯವನ್ನೇ ಮತ್ತೆ ಮಾಡಿ.