ರಸ್ತೆಬದಿಯ ತರಕಾರಿ: ಬೀಜಕ್ಕಿಂತ ಮೊದಲು ಮಣ್ಣಿನ ವಿಚಾರ

ಪಾದಚಾರಿ ಮಾರ್ಗಕ್ಕೂ ರಸ್ತೆಯ ಅಂಚುಗಲ್ಲಿಗೂ ನಡುವೆ ಪಾಳುಬಿದ್ದ ಮಣ್ಣಿನ ಪಟ್ಟಿ ಎಷ್ಟೋ ಬೀದಿಗಳಲ್ಲಿದೆ. ನೆರೆಹೊರೆಯವರು ಸೇರಿ ಅಲ್ಲಿ ತರಕಾರಿ ಬೆಳೆಯಲು ಹೊರಟಾಗ ಮೊದಲು ಕೇಳುವುದು, ಏನು ಹಾಕೋಣ ಎಂದು. ಈ ಮಣ್ಣು ಇಷ್ಟು ವರ್ಷ ಏನೇನು ನುಂಗಿದೆ ಎಂದು ನಾನು ತಿರುಗಿ ಕೇಳುತ್ತೇನೆ.

ವಾಹನಗಳಿಗೆ ಹಾಕುವ ಸೀಸ ಬೆರೆತ ಪೆಟ್ರೋಲ್ ಜಗತ್ತಿನಲ್ಲಿ ಪೂರ್ತಿ ನಿಂತದ್ದು 2021ರಲ್ಲಿ. ದಶಕಗಳ ಕಾಲ ಹೊಗೆಯೊಂದಿಗೆ ಬಂದು ಕೂತ ಸೀಸ ಕೊಳೆಯುವುದಿಲ್ಲ, ಮಳೆಗೆ ಸುಲಭವಾಗಿ ತೊಳೆದೂ ಹೋಗುವುದಿಲ್ಲ. ಮಣ್ಣಿನ ಮೇಲ್ಪದರದಲ್ಲೇ ಅಂಟಿಕೊಂಡಿರುತ್ತದೆ. ಮಾಮೂಲು ಮಣ್ಣು ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ಅದು ಮುಖ್ಯವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನಂಥ ಪೋಷಕಾಂಶಗಳ ಲೆಕ್ಕ ಕೊಡುತ್ತದೆ. ಪಟ್ಟಿಯ ಐದಾರು ಕಡೆಯಿಂದ ಗೇಣುದ್ದ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಸೀಸ ಮತ್ತು ಅದರಂತೆಯೇ ವಿಷಕಾರಿ ಲೋಹವಾದ ಕ್ಯಾಡ್ಮಿಯಂ ನೋಡಿಕೊಡಿ ಎಂದು ಪ್ರಯೋಗಾಲಯಕ್ಕೆ ಬಿಡಿಸಿ ಹೇಳಬೇಕು.

ಫಲಿತಾಂಶ ಅನುಮಾನ ತಂದರೆ ನೆಲವನ್ನು ಅಗೆಯಲೇಬೇಡಿ. ತಳಕ್ಕೆ ನೀರು ಬಸಿಯುವ ದಪ್ಪ ಬಟ್ಟೆ ಹಾಸಿ, ಒಂದಡಿ ಎತ್ತರದ ಮಡಿ ಕಟ್ಟಿ, ಹೊಸ ಮಣ್ಣು, ಗೊಬ್ಬರ ತುಂಬಿ. ಕೆಳಗಿರುವ ನೀರಿನ ಕೊಳವೆ, ವಿದ್ಯುತ್ ಕೇಬಲ್‌ಗಳೂ ಆಗ ಸುರಕ್ಷಿತ. ಸೀಸ ಗಿಡದ ಒಳಗೆ ಹೋಗುವುದಕ್ಕಿಂತ ಹೆಚ್ಚಾಗಿ ಧೂಳಾಗಿ ಎಲೆಗೆ, ಮಣ್ಣಾಗಿ ಗೆಡ್ಡೆಗೆ ಮೆತ್ತಿಕೊಂಡು ಹೊಟ್ಟೆ ಸೇರುತ್ತದೆ. ಮೂಲಂಗಿ, ಸೊಪ್ಪುಗಳಿಗಿಂತ ಟೊಮೆಟೊ, ಬದನೆ, ಬೀನ್ಸ್ ಮೇಲು ಎಂದು ನಾನು ಹೇಳುವುದು ಇದಕ್ಕೇ. ಹಾಗೆಂದು ಕಾಯಿಪಲ್ಲೆಯನ್ನು ತೊಳೆಯದೆ ತಿನ್ನಬಾರದು. ಬರ್ಲಿನ್‌ನಲ್ಲಿ ನಗರದ ತರಕಾರಿಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾಹನ ದಟ್ಟಣೆ ಹೆಚ್ಚಿದಂತೆ ಲೋಹದ ಅಂಶವೂ ಹೆಚ್ಚಿತ್ತು; ರಸ್ತೆಗೂ ಗಿಡಕ್ಕೂ ನಡುವೆ ತಡೆ ಇದ್ದಲ್ಲಿ ಬಹಳ ಕಡಿಮೆಯಿತ್ತು. ರಸ್ತೆಯ ಮಗ್ಗುಲಿಗೆ ದಟ್ಟವಾದ ಬೇಲಿಗಿಡ ಒಳ್ಳೆಯದು, ಆದರೆ ತಿರುವಿನಲ್ಲಿ ಬೇಡ. ಅಲ್ಲಿ ದಾಟುವ ಮಗು ಚಾಲಕನಿಗೆ ಕಾಣಬೇಕು. ವಾಹನ ಎಡೆಬಿಡದೆ ಓಡುವ ಹೆದ್ದಾರಿಯ ಬದಿಯಲ್ಲಂತೂ ತಿನ್ನುವ ಬೆಳೆಯೇ ಬೇಡ ಎನ್ನುತ್ತೇನೆ.

ಅನುಮತಿ ಬರಹದಲ್ಲಿರಲಿ. ಮನೆಯವರೇ ನೋಡಿಕೊಳ್ಳುವ ಪಟ್ಟಿಯೂ ಎಷ್ಟೋ ಕಡೆ ನಗರಾಡಳಿತಕ್ಕೆ ಸೇರಿರುತ್ತದೆ. ಲಾಸ್ ಏಂಜಲೀಸ್‌ನಲ್ಲಿ ರಾನ್ ಫಿನ್ಲೆ ಎಂಬುವರು ಮನೆಯ ಮುಂದಿನ ಪಟ್ಟಿಯಲ್ಲಿ 2010ರಲ್ಲಿ ತರಕಾರಿ ಹಾಕಿ ನೋಟಿಸ್ ಪಡೆದರು. ಜನ ಅವರ ಬೆನ್ನಿಗೆ ನಿಂತರು. 2013ರಲ್ಲಿ ನಗರಸಭೆ ನಿಯಮ ಸಡಿಲಿಸುವ ದಾರಿ ಹಿಡಿಯಿತು.

ಇನ್ನು ಹಂಚಿಕೆ. ಕಿರಿದಾದ ಪಟ್ಟಿಯನ್ನು ಮನೆಗೊಂದು ತುಂಡು ಎಂದು ಸೀಳಬೇಡಿ. ತುಂಡಿನ ಹಿಂದೆ ಬೇಲಿ, ಬೇಲಿಯ ಹಿಂದೆ ಜಗಳ ಬರುತ್ತದೆ. ಕೆಲಸವನ್ನು ಹಂಚಿಕೊಳ್ಳಿ, ನೆಲ ಒಂದೇ ಇರಲಿ. ಯಾವ ವಾರ ಯಾರು ನೀರು ಹಾಕುತ್ತಾರೆ, ಅವರು ಊರಲ್ಲಿಲ್ಲದಿದ್ದರೆ ಯಾರು ಎಂಬುದು ಬೀಜ ಬೀಳುವ ಮೊದಲೇ ಗೊತ್ತಾಗಿರಬೇಕು. ದಾರಿಹೋಕರು ಕಾಯಿ ಕಿತ್ತರೆ ಏನು ಮಾಡುವುದು ಎಂದು ಎಲ್ಲರೂ ಚಿಂತಿಸುತ್ತಾರೆ. ಇಂಗ್ಲೆಂಡಿನ ಟಾಡ್‌ಮೋರ್ಡನ್‌ನಲ್ಲಿ 2008ರಿಂದ ಊರವರು ಬೆಳೆಸುತ್ತಿರುವ ಸಾರ್ವಜನಿಕ ಮಡಿಗಳಿಂದ ಯಾರು ಬೇಕಾದರೂ ಕಿತ್ತುಕೊಳ್ಳಬಹುದು. ನನಗೂ ಅದೇ ಸರಿ ಎನಿಸುತ್ತದೆ. ಅದು ಆಗದು ಎನ್ನುವವರು ಹೊರಬದಿಯ ಒಂದು ಮಡಿಯನ್ನಾದರೂ ದಾರಿಹೋಕರಿಗೆ ಮೀಸಲಿಟ್ಟು, ಹಾಗೆಂದು ಫಲಕ ಹಾಕಲಿ.

ಹತ್ತಿರದಲ್ಲಿ ನಲ್ಲಿ ಇಲ್ಲದಿದ್ದರೆ ಎರಡೇ ಮಡಿಯಿಂದ ಶುರುಮಾಡಿ. ಒಂದು ಬೇಸಿಗೆ ಕಳೆದ ಮೇಲೆ ಮೂರನೆಯದರ ಮಾತಾಡೋಣ.